ಹೆಡ್‌ಮಾಸ್ಟರ ಮಗನ ಹಾಡು

3 ಮಾರ್ಚ್ 2014

ಪ್ರೀತಿಯ ತಗಡು,

ಇಪ್ಪತ್ತೆಂಟು ವರ್ಷಗಳ ನಂತರ ನಿನ್ನನ್ನು ಈ ಹೆಸರಿನಿಂದ ಕರೆಯುವವನು ಯಾರೆಂದು ಊಹಿಸಲು ನಿನಗೆ ಕಷ್ಟವಾಗದು. ಹೌದು, ನಾನೇ, ಗಂಟಲು. ವಿಳಾಸ ಕೊಟ್ಟವನು ನಮ್ಮ ಗಿಟಾರಿನ ಕನ್ನಡಿ. ಶಾಲೆಯ ಗೋಡೆಗೆ ಒತ್ತಿಕೊಂಡಿದ್ದ ಅದೇ ಕಟಿಂಗ್ ಅಂಗಡಿಯಲ್ಲಿ ಈಗ ಕತ್ತರಿ ಹಿಡಿದಿರುವವಳು ನೀನು ಎಂದು ಕೇಳಿ ಸಂತೋಷವಾಯಿತು. ನಾನು ಶಿಕ್ಷಣ ಕ್ಷೇತ್ರದಲ್ಲಿದ್ದೇನೆ. ಮದುವೆ, ಮಕ್ಕಳು, ಮಂಡಿನೋವು ಎಲ್ಲವೂ ಕ್ರಮವಾಗಿ ಆಗಿವೆ.

ವಿಷಯಕ್ಕೆ ಬರುತ್ತೇನೆ. ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಹೊಸದಾಗಿ ಬಿಡುಗಡೆ ಮಾಡುವ ಒಂದು ಸಣ್ಣ ಕಂಪನಿಯಿದೆ. ನಾವು ನಾಲ್ವರೂ ನಿಮ್ಮ ಅಂಗಡಿಯಲ್ಲಿ ಕೂತು ರೆಕಾರ್ಡ್ ಮಾಡಿದ್ದ ಕ್ಯಾಸೆಟ್ಟು ಕನ್ನಡಿಯ ಹತ್ತಿರ ಇತ್ತಂತೆ, ಅದು ಹೇಗೋ ಅವರ ಕೈ ಸೇರಿದೆ. ಆ ಕಾಲದಲ್ಲಿ ಇಷ್ಟು ಅಪ್ಪಟ ಪಂಕ್, ಅಂದರೆ ಆ ಕಿರುಚಾಟದ ರಾಕ್, ಬಾರಿಸಿದ ಶಾಲಾ ಮಕ್ಕಳು ಬೇರೆ ಯಾರೂ ಇಲ್ಲ ಎಂದು ಅವರು ಕುಣಿದಾಡುತ್ತಿದ್ದಾರೆ. ನಾಲ್ವರ ಸಹಿಯೂ ಬೇಕು. ಕನ್ನಡಿ, ಬೇಸ್ ಬಾರಿಸುತ್ತಿದ್ದ ಗೂಟ ಆಗಲೇ ಸಹಿ ಹಾಕಿದ್ದಾರೆ.

ಜೊತೆಗೊಂದು ಪುಟ್ಟ ಪುಸ್ತಕವನ್ನೂ ಕೊಡುತ್ತಾರೆ. ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ಕರಡಿನ ಆರಂಭ ನಿನಗೂ ಹಿಡಿಸುತ್ತದೆ ಎಂದುಕೊಂಡಿದ್ದೇನೆ:

“1986. ಶಾಲೆಯ ಶಿಸ್ತಿನ ವಿರುದ್ಧ ಒಳಗೊಳಗೇ ಕುದಿಯುತ್ತಿದ್ದ ಹುಡುಗನೊಬ್ಬ ಒಂದು ತಂಡ ಕಟ್ಟಲು ಹೊರಟ. ತನ್ನದೇ ಗಿಟಾರ್ ಶೈಲಿಯನ್ನು ಕಂಡುಹಿಡಿದಿದ್ದ ಒಬ್ಬ ಗೆಳೆಯ, ಬೇಸ್ ಗಿಟಾರಿಗೆ ಇನ್ನೊಬ್ಬ, ಡ್ರಮ್ಮಿಗೆ ಪಕ್ಕದ ಕಟಿಂಗ್ ಅಂಗಡಿಯ ಹುಡುಗಿ. ತಂಡಕ್ಕೆ ಅವನಿಟ್ಟ ಹೆಸರು ‘ಮುಂದಿನವರು’. ಪರಿಕಲ್ಪನೆ, ಸಾಹಿತ್ಯ, ಗಾಯನ: ಗಂಟಲು.”

ಜೊತೆಗಿಟ್ಟಿರುವ ಒಪ್ಪಿಗೆ ಕಾಗದದ ಕೊನೆಯಲ್ಲಿ ಗುರುತು ಹಾಕಿರುವಲ್ಲಿ ಸಹಿ ಮಾಡಿ ಕಳಿಸು. ನನ್ನ ಫೋನ್ ನಂಬರೂ ಇದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಗಂಟಲು


17 ಮಾರ್ಚ್ 2014

ಮಾನ್ಯರೇ,

ತಮ್ಮ ಪತ್ರ ತಲುಪಿತು. ಫೋನಿನಲ್ಲಾದರೆ ನಾನು ಬೈಯುವಾಗ ತಾವು ಮಧ್ಯದಲ್ಲೇ ಇಟ್ಟುಬಿಡಬಹುದು. ಆದ್ದರಿಂದ ಕಾಗದವೇ ಇರಲಿ.

‘ಪಕ್ಕದ ಕಟಿಂಗ್ ಅಂಗಡಿಯ ಹುಡುಗಿ’ ಎಂದರೆ ನಾನು ತಾನೆ? ತಮ್ಮದೇ ತರಗತಿಯಲ್ಲಿ, ತಮ್ಮ ಹಿಂದಿನ ಬೆಂಚಿನಲ್ಲಿ ನಾಲ್ಕು ವರ್ಷ ಕೂತವಳು. ತಮಗೆ ಮರೆವು ಜಾಸ್ತಿಯಾಗಿರಬಹುದು, ನನಗಿನ್ನೂ ಆಗಿಲ್ಲ. ತಂಡ ಹೇಗೆ ಹುಟ್ಟಿತು ಎಂದು ಬರೆಯುತ್ತೇನೆ, ಬೇಕಾದರೆ ಪುಸ್ತಕಕ್ಕೆ ಹಾಕಿಕೊಳ್ಳಿ.

ಪ್ರತಿ ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರು, ಎಂದರೆ ತಮ್ಮ ತಂದೆಯವರು, ಸಾಲಿನಲ್ಲಿ ನಿಂತ ಹುಡುಗರ ಕಿವಿಯ ಹತ್ತಿರ ಪೆನ್ಸಿಲ್ ಹಿಡಿದು ನೋಡುತ್ತಿದ್ದರು. ಪೆನ್ಸಿಲಿಗೆ ಕೂದಲು ತಾಗಿದರೆ ಚೀಟಿ. “ಈ ಹುಡುಗನ ಕೂದಲು ಕಿವಿ ಮುಟ್ಟಿದೆ. ಸರಿಪಡಿಸಿ ಕಳುಹಿಸುವುದು.” ಚೀಟಿ ಸಿಕ್ಕವರು ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂರಬೇಕು, ನಮ್ಮಪ್ಪ ಒಬ್ಬೊಬ್ಬರನ್ನೇ ಬೋಳಿಸುತ್ತಾರೆ. ಅಪ್ಪನಿಗೆ ಬರುತ್ತಿದ್ದದ್ದು ಒಂದೇ ಕಟಿಂಗು. ಶಾಲೆಯ ಎಲ್ಲ ಹುಡುಗರೂ ಹಿಂದಿನಿಂದ ಒಬ್ಬನೇ ಹುಡುಗನ ಹಾಗೆ ಕಾಣುತ್ತಿದ್ದರು. ನೆಲ ಗುಡಿಸಲು ನಾನು ಮೊದಲ ಪೀರಿಯಡ್ ತಪ್ಪಿಸಿ ಅಂಗಡಿಯಲ್ಲೇ ಇರುತ್ತಿದ್ದೆ.

ಆ ಸೋಮವಾರ ಬೆಂಚಿನ ಮೇಲೆ ಕೂತಿದ್ದವರು ಮೂವರು. ಕನ್ನಡಿ, ಗೂಟ, ಮತ್ತು ತಮ್ಮ ಅಪ್ಪನ ಕೈಬರಹದ ಚೀಟಿ ಹಿಡಿದುಕೊಂಡಿದ್ದ ತಾವು. ಒಳಗೊಳಗೇ ಕುದಿಯುತ್ತಿದ್ದಿರೋ ಏನೋ, ಹೊರಗಂತೂ ಮೂಗು ಸೋರುತ್ತಿತ್ತು. ಗೊಳೋ ಎಂದು ಅಳುತ್ತಿದ್ದಿರಿ. ಅಳು ನಿಲ್ಲಿಸಲೆಂದು ಗೂಟ, ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ ತನ್ನ ಮಾವ ತಂದಿದ್ದ ಕ್ಯಾಸೆಟ್ಟನ್ನು ನಮ್ಮ ಟೇಪ್‌ರೆಕಾರ್ಡರಿಗೆ ಹಾಕಿದ. ಅಪ್ಪ ಕತ್ತರಿ ನಿಲ್ಲಿಸಿ, “ಏನೋ ಇದು, ಮೋಟರ್ ಸುಟ್ಟುಹೋಯ್ತಾ?” ಎಂದು ಕೇಳಿದರು. ನಾನು ಪೊರಕೆಯ ಹಿಡಿಯಿಂದ ನೀರಿನ ತಗಡಿನ ಡಬ್ಬ ಬಡಿಯಲು ಶುರು ಮಾಡಿದೆ. ಅಷ್ಟರಲ್ಲಿ ಅಪ್ಪ ಎಂದಿನಂತೆ “ಮುಂದಿನವರು!” ಎಂದು ಕೂಗಿದರು. ತಾವು ಕುರ್ಚಿ ಹತ್ತಿದವರೇ ಅದೇ ಮಾತನ್ನು ಅದೇ ತಾಳಕ್ಕೆ ಗಂಟಲು ಹರಿಯುವಂತೆ ಕಿರುಚಿದಿರಿ. ಅದು ತಮ್ಮದೇ, ಒಪ್ಪುತ್ತೇನೆ. ಕಿರುಚಿದ್ದು ಮಾತ್ರ ತಮ್ಮದು.

ಇನ್ನು ಕನ್ನಡಿ ‘ಕಂಡುಹಿಡಿದ’ ಶೈಲಿ. ಶೇವಿಂಗಿಗೆ ಬರುತ್ತಿದ್ದ ಒಬ್ಬ ವಾದ್ಯಗಾರ ಕುರ್ಚಿಯಲ್ಲಿ ಕೂತು ಗಿಟಾರ್ ಹಿಡಿದು ತೋರಿಸುತ್ತಿದ್ದ. ಇವನು ಹಿಂದೆ ನಿಂತು ಗೋಡೆಯ ಕನ್ನಡಿ ನೋಡುತ್ತಿದ್ದ. ಕನ್ನಡಿಯೊಳಗಿನವನನ್ನು ಎದುರು ಕೂತ ಮನುಷ್ಯ ಎಂದುಕೊಂಡು, ಅವನು ಎಡಗೈಯಲ್ಲಿ ಮೀಟುತ್ತಾನೆಂದು ನಂಬಿ ಮೂರು ವಾರ ಹಾಗೇ ಕಲಿತ. ತಪ್ಪು ಗೊತ್ತಾಗುವಷ್ಟರಲ್ಲಿ ಕೈ ಕೂತುಬಿಟ್ಟಿತ್ತು. ಬಲಗೈಯಲ್ಲಿ ಉಣ್ಣುವವನು ಎಡಚನಾಗಿ, ತಂತಿ ತಲೆಕೆಳಗಾಗಿ ಬಾರಿಸಿದ. ಅದಕ್ಕೇ ಅವನಿಗೆ ಆ ಹೆಸರು ಬಂತು.

ಕೊನೆಯದಾಗಿ, ‘ಸಾಹಿತ್ಯ: ಗಂಟಲು’. ಇದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಕ್ಯಾಸೆಟ್ಟಿನ ಆ ಹಾಡನ್ನು ಬರೆದವಳು ನಾನು. ಕಟಿಂಗ್ ಮುಗಿದ ಮೇಲೆ ಉಳಿಯುತ್ತಿದ್ದ ಚೀಟಿಗಳ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಅದೇ ಚೀಟಿಗಳಿಂದ ಅಪ್ಪ ರೇಜರಿನ ನೊರೆ ಒರೆಸಿ ಎಸೆಯುತ್ತಿದ್ದರು, ಹಾಗಾಗಿ ಒಂದೂ ಉಳಿದಿಲ್ಲ. ತಮಗೆ ಅನುಕೂಲವೇ ಆಯಿತು.

ಚೀಟಿ ತಂದೆ, ಬಗ್ಗಿಸು ಕತ್ತು
ಕೂದಲು ನಂದು, ಕತ್ತರಿ ಅವರ ಸ್ವತ್ತು
ಕೆಳಗೆ ಬಿದ್ದದ್ದು ಯಾರದು ಅನ್ನೋದು
ಗುಡಿಸೋಳಿಗೊಬ್ಬಳಿಗೇ ಗೊತ್ತು
ಮುಂದಿನವರು!

ತಾವು ಜೀವಮಾನದಲ್ಲಿ ಎಂದಾದರೂ ಪೊರಕೆ ಹಿಡಿದಿದ್ದೀರಾ? ನನ್ನ ಹೆಸರು ಬರುವ ತನಕ ಸಹಿ ಹಾಕುವುದಿಲ್ಲ.

ಇಂತು,
ಪಕ್ಕದ ಕಟಿಂಗ್ ಅಂಗಡಿಯ ಹುಡುಗಿ


24 ಮಾರ್ಚ್ 2014

ತಗಡು,

ಇಷ್ಟು ವರ್ಷಗಳ ಮೇಲೆ ಪ್ರೀತಿಯಿಂದ ಬರೆದವನಿಗೆ ಇಂಥ ಉತ್ತರ ನಿರೀಕ್ಷಿತವಾಗಿರಲಿಲ್ಲ. ‘ತಾವು’, ‘ಮಾನ್ಯರೇ’ ಎಂದು ಚುಚ್ಚುವ ನಿನ್ನ ಚಾಳಿ ಹಾಗೇ ಉಳಿದಿದೆ.

ಬೆಂಚು, ಅಳು, ಡಬ್ಬ ಎಲ್ಲವನ್ನೂ ಸೇರಿಸಲು ಅಡ್ಡಿಯಿಲ್ಲ, ಓದುವವರಿಗೆ ತಮಾಷೆಯಾಗಿರುತ್ತದೆ. ಸಾಹಿತ್ಯದ ವಿಷಯದಲ್ಲಿ ಒಂದು ಮಧ್ಯಮ ಮಾರ್ಗ ಸೂಚಿಸುತ್ತೇನೆ: ‘ಸಾಹಿತ್ಯ: ತಂಡ’. ಹಾಡು ಹಾಡುತ್ತಾ ಹಾಡುತ್ತಾ ಎಲ್ಲರ ಕೈಯಲ್ಲೂ ಬದಲಾಗಿತ್ತು. ಯಾವ ಸಾಲು ಯಾರದು ಎಂದು ಈಗ ಬೇರ್ಪಡಿಸುವುದು ಸಾಧ್ಯವಿಲ್ಲ.

ನೀನು ಮರೆತಿರುವ ಅಥವಾ ನಿನಗೆ ಗೊತ್ತೇ ಇಲ್ಲದ ಸಂಗತಿ ಒಂದಿದೆ. ಶಾಲಾ ವಾರ್ಷಿಕೋತ್ಸವದ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. “ಆ ಕಟಿಂಗ್ ಅಂಗಡಿಯವನ ಮಗಳು ನಾಳೆ ಏನಾದ್ರೂ ತಲೆಹರಟೆ ಮಾಡ್ಲಿ, ವಾರದೊಳಗೆ ಆ ಶಟರ್ ಎಳೆಸ್ತೀನಿ. ಜಾಗ ಶಾಲೇದು, ಅವನಪ್ಪನದಲ್ಲ.” ಮರುದಿನ ನಾವು ಹಾಡು ಮುಗಿಸಿದ ಮೇಲೆ ಅಪ್ಪ ವೇದಿಕೆ ಹತ್ತಿ, ಇದನ್ನು ಬರೆದವರು ಯಾರು ಎಂದು ಮೈಕಿನಲ್ಲಿ ಕೇಳಿದಾಗ ನಾನು ಕೈ ಎತ್ತಿದ್ದು ಇದಕ್ಕೆ. ಒಂದು ವಾರದಲ್ಲಿ ನನ್ನನ್ನು ಸೋದರತ್ತೆಯ ಊರಿಗೆ ಸಾಗಹಾಕಿದರು. ಉಳಿದ ಶಾಲೆ, ಕಾಲೇಜು ಎಲ್ಲ ಅಲ್ಲೇ ಮುಗಿಯಿತು. ನಿಮ್ಮ ಅಂಗಡಿ ಮಾತ್ರ ಅಲ್ಲೇ ಇದೆ, ಇವತ್ತಿಗೂ.

ಬಸ್ಸು ಹತ್ತಿಸಲು ಕನ್ನಡಿ ಬಂದ, ಗೂಟ ಬಂದ. ನೀನು ಬರಲಿಲ್ಲ. ಒಂದು ಕಾಗದವನ್ನೂ ಹಾಕಲಿಲ್ಲ. ಉಪಕಾರ ಸ್ಮರಣೆ ಬೇಡ, ಸಹಿಯಾದರೂ ಹಾಕು.

ಗಂಟಲು


29 ಮಾರ್ಚ್ 2014

ಹೆಡ್‌ಮಾಸ್ಟರೇ,

ಕಾಗದ ಆಮೇಲೆ ಓದಿದೆ, ಮೊದಲು ಕವರು ಓದಿದೆ. ಅವಸರದಲ್ಲಿ ಶಾಲೆಯ ಕವರಿಗೇ ಹಾಕಿ ಕಳಿಸಿದ್ದೀಯ. ಎಡಮೂಲೆಯಲ್ಲಿ ‘ಮುಖ್ಯೋಪಾಧ್ಯಾಯರ ಕಚೇರಿ’ ಎಂದು ಸೀಲು, ಕೆಳಗೆ ನಿನ್ನ ಹೆಸರು. ‘ಶಿಕ್ಷಣ ಕ್ಷೇತ್ರದಲ್ಲಿದ್ದೇನೆ’ ಅಂತೆ! ಕುರ್ಚಿಯಲ್ಲಿ ಗಿರಾಕಿ ಕೂತಿದ್ದ, ನಾನು ನಗುವುದನ್ನು ನೋಡಿ ಹೆದರಿ ಕತ್ತಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿಕೊಂಡು ಎದ್ದು ನಿಂತ. ಇವತ್ತು ಎಷ್ಟು ಚೀಟಿ ಬರೆದಿರಿ ಸಾರ್? ಪೆನ್ಸಿಲ್ ಅಪ್ಪನದೇನಾ, ಹೊಸದಾ?

ಈಗ ನಿನ್ನ ಉಪಕಾರಕ್ಕೆ ಬರೋಣ.

ನಿನ್ನಪ್ಪ ಮೈಕ್ ಹಿಡಿದು ಕೇಳಿದಾಗ ನಾನು ಕೋಲು ಕೆಳಗಿಟ್ಟು ಎದ್ದು ನಿಂತಿದ್ದೆ. ಬಾಯಿ ತೆರೆದಿದ್ದೆ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾನು ಆ ಹಾಡು ಬರೆದಿದ್ದೆ ಕಣೋ. ಯಾರಾದರೂ ಕೇಳಲಿ, ಇದನ್ನು ಬರೆದವರು ಯಾರು ಎಂದು ಯಾರಾದರೂ ಕೇಳಲಿ ಎಂದು. ನೀನು ಮುಂದೆ ನಿಂತಿದ್ದೆ, ಹಿಂದೆ ತಿರುಗಿ ನೋಡಲೂ ಇಲ್ಲ. “ನಾನು ಸಾರ್” ಎಂದೆ. ಸ್ವಂತ ಅಪ್ಪನಿಗೆ ಸಾರ್! ನಾನು ನಿಂತಿದ್ದವಳು ನಿಂತೇ ಇದ್ದೆ. ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ.

ನನ್ನನ್ನು ಕಾಪಾಡು ಎಂದು ನಿನ್ನ ಹತ್ತಿರ ಬೇಡಿಕೊಂಡಿದ್ದೆನಾ? ಅಂಗಡಿ ಹೋಗುತ್ತದೆ ಎಂದು ಗೊತ್ತಾಗಿದ್ದರೆ ಹಿಂದಿನ ದಿನವೇ ನನಗೆ ಹೇಳಬಹುದಿತ್ತು. ಹಾಡು ಬೇಡ ಎಂದು ನಾನೇ ನಿರ್ಧಾರ ಮಾಡುತ್ತಿದ್ದೆ, ಅಥವಾ ಅಂಗಡಿ ಹೋದರೆ ಹೋಗಲಿ ಎನ್ನುತ್ತಿದ್ದೆ. ನಮ್ಮ ಅಂಗಡಿ, ನನ್ನ ಹಾಡು, ನನ್ನ ಕತ್ತು. ನೀನು ಯಾರು ಮಧ್ಯದಲ್ಲಿ? ಅಂಗಡಿ ಉಳಿಸಲು ಅವತ್ತು ಒಂದು ಸುಳ್ಳು ಹೇಳಿದೆ, ಸರಿ. ಇಪ್ಪತ್ತೆಂಟು ವರ್ಷ ಕಳೆದು, ಕಂಪನಿಯವರಿಗೆ ಕರಡು ಬರೆಯುವಾಗ ಯಾವ ಅಂಗಡಿ ಉಳಿಸುತ್ತಿದ್ದೆ?

ಇನ್ನು ‘ಸಾಹಿತ್ಯ: ತಂಡ’. ಗೂಟನಿಗೆ ರಜಾ ಅರ್ಜಿ ಬರೆಯಲು ಬರುತ್ತಿರಲಿಲ್ಲ, ಅದನ್ನೂ ನಾನೇ ಬರೆದುಕೊಡುತ್ತಿದ್ದೆ. ಕನ್ನಡಿ ಬಾಯಿ ತೆರೆಯುತ್ತಿದ್ದದ್ದು ಆಕಳಿಸಲು ಮಾತ್ರ. ಯಾರ ಕಿವಿಯ ಮೇಲೆ ಹೂವು ಇಡುತ್ತೀಯ?

ನನ್ನ ಹೆಸರು. ಒಂದೇ ಸಾಲು. ಅದೂ ಬೇಗ.

ತಗಡು


6 ಮೇ 2014

ಗಂಟಲು,

ಐದು ವಾರವಾಯಿತು. ಉತ್ತರ ಕೊಡದೆ ಕೂತರೆ ನಾನು ಸುಮ್ಮನಾಗುತ್ತೇನೆ ಎಂದುಕೊಂಡಿದ್ದರೆ ತಪ್ಪು. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಆಗಬೇಕು. ಯಾಕೆಂದು ನಿನಗೆ ಬೇಕಾಗಿಲ್ಲ.

ತಗಡು


20 ಜೂನ್ 2014

ತಗಡು,

ಬೇಗ, ಬೇಗ ಎಂದು ಕುತ್ತಿಗೆಯ ಮೇಲೆ ಕೂತಿದ್ದೀಯ. ಇಷ್ಟು ವರ್ಷ ಇಲ್ಲದ ಹೆಸರಿನ ಆಸೆ ಈಗ ಯಾಕೆ? ಕ್ಯಾಸೆಟ್ಟಿನ ಬಿಡುಗಡೆಗೆ ಪತ್ರಿಕೆಯವರು ಬರುತ್ತಾರೆ, ಫೋಟೋ ಹಿಡಿಯುತ್ತಾರೆ ಎಂದು ಕನ್ನಡಿ ನಿನಗೆ ಹೇಳಿರಬೇಕು. ಅದಕ್ಕೇ ಈ ಆತುರ ಎಂದು ಅರ್ಥ ಮಾಡಿಕೊಂಡಿದ್ದೇನೆ.

ಹೌದು, ನಾನು ಹೆಡ್‌ಮಾಸ್ಟರು. ಹೌದು, ಚೀಟಿಯನ್ನೂ ಬರೆಯುತ್ತೇನೆ. ಕೂದಲಿಗಲ್ಲ, ಮೊಬೈಲಿಗೆ. ನಗುವುದಿದ್ದರೆ ನಗು. ಎಂಟುನೂರು ಮಕ್ಕಳನ್ನು ಒಂದು ಗೇಟಿನೊಳಗೆ ಇಟ್ಟುಕೊಂಡು ನೋಡು, ಆಮೇಲೆ ಹೇಳು.

ಉತ್ತರ ಬರೆದು ಮೂರು ಸಲ ಹರಿದು ಹಾಕಿದೆ, ಅದಕ್ಕೇ ತಡವಾಯಿತು. ಈಗ ಯಾವ ಅಂಗಡಿ ಉಳಿಸುತ್ತಿದ್ದೆ ಎಂದು ಕೇಳಿದೆಯಲ್ಲ. ಹೇಳುತ್ತೇನೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಆ ವಾರ್ಷಿಕೋತ್ಸವದ ನಂತರ ಅಪ್ಪ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅತ್ತೆಯ ಮನೆಗೆ ಬಂದಾಗಲೂ ನನ್ನ ಅಂಕಪಟ್ಟಿ ಕೇಳಿ, ನೋಡಿ, ಮಡಿಸಿ ವಾಪಸು ಕೊಟ್ಟು ಹೋಗುತ್ತಿದ್ದರು. ನನ್ನ ಮದುವೆಯಲ್ಲಿ ಅತಿಥಿಯ ಹಾಗೆ ಮೂಲೆಯಲ್ಲಿ ಕೂತಿದ್ದರು. ಎರಡು ವರ್ಷದ ಹಿಂದೆ ಹೋಗಿಬಿಟ್ಟರು. ಅವರ ಬೀರು ಖಾಲಿ ಮಾಡುವಾಗ ಸೇವಾ ದಾಖಲೆಗಳ ನಡುವೆ ಒಂದು ಹಾಳೆ ಸಿಕ್ಕಿತು. ಆ ಹಾಡು, ಪೂರ್ತಿಯಾಗಿ, ಅವರ ಕೈಬರಹದಲ್ಲಿ. ಒಮ್ಮೆ ಕೇಳಿದ್ದನ್ನು ಮನೆಗೆ ಬಂದು ನೆನಪಿನಿಂದ ಬರೆದಿಟ್ಟುಕೊಂಡಿದ್ದರು. ಕೆಂಪು ಶಾಯಿಯಲ್ಲಿ ತಿದ್ದಿದ್ದರು. ‘ಗುಡಿಸೋಳಿಗೆ’ ಎಂಬುದನ್ನು ಹೊಡೆದು ‘ಗುಡಿಸುವವಳಿಗೆ’ ಎಂದು ಮಾಡಿದ್ದರು. ಕೆಳಗೆ ಬರೆದಿದ್ದರು: “ನನ್ನ ಮಗ ರಚಿಸಿದ್ದು. 10ಕ್ಕೆ 7.”

ಅವರು ಯಾರಿಗೂ ಐದಕ್ಕಿಂತ ಹೆಚ್ಚು ಕೊಟ್ಟವರಲ್ಲ, ನಿನಗೆ ಗೊತ್ತು. ಆ ಹಾಳೆ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ನನ್ನಪ್ಪನಿಗೆ ನಾನು ಹಿಡಿಸಿದ್ದೆ ಎನ್ನಲು ನನ್ನ ಬಳಿ ಇರುವುದು ಅದೊಂದೇ. ಕರಡಿನಲ್ಲಿ ನನ್ನ ಹೆಸರು ಬರೆದಾಗ ಕಂಪನಿಯಾಗಲೀ ಪತ್ರಿಕೆಯಾಗಲೀ ನನ್ನ ತಲೆಯಲ್ಲಿರಲಿಲ್ಲ. ಇದನ್ನು ಬಿಟ್ಟುಕೊಡು ಎಂದು ಕೇಳುತ್ತಿದ್ದೀಯ. ನನ್ನಿಂದ ಆಗುತ್ತಿಲ್ಲ.

ಗಂಟಲು


27 ಜೂನ್ 2014

ಗಂಟಲು,

ಆ ಏಳು ಅಂಕ ನನ್ನದು.

ನಿನ್ನ ಕಾಗದ ಎರಡು ಸಲ ಓದಿದೆ. ಒಂದು ಕ್ಷಣ ಅಯ್ಯೋ ಪಾಪ ಎನಿಸಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮತ್ತೆ ಸಿಟ್ಟು ಬಂತು, ಮೊದಲಿಗಿಂತ ಜಾಸ್ತಿ. ನಿನ್ನಪ್ಪ ಮೆಚ್ಚಿದ್ದು ನಿನ್ನನ್ನಲ್ಲ ಕಣೋ. ಅವರು ಯಾರ ಅಂಗಡಿ ಮುಚ್ಚಿಸುತ್ತೇನೆ ಎಂದಿದ್ದರೋ ಅವಳ ಸಾಲುಗಳಿಗೆ ಅಂಕ ಹಾಕಿ ಬೀರುವಿನಲ್ಲಿ ಬಚ್ಚಿಟ್ಟುಕೊಂಡಿದ್ದಾರೆ. ಈ ಮಾತಿನಿಂದ ನಿನಗೆ ನೋವಾಗುತ್ತದೆ ಎಂದು ಗೊತ್ತು. ಆಗಲಿ ಎಂದೇ ಬರೆದಿದ್ದೇನೆ.

ನನ್ನ ಆತುರ ಫೋಟೋಗೆ ಎಂದುಕೊಂಡೆಯಲ್ಲ. ನನ್ನ ಕಥೆಯನ್ನೂ ಕೇಳು.

ವಾರ್ಷಿಕೋತ್ಸವದ ದಿನ ನಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದರು. ಹಾಡು ಕೇಳಿ ಬೈಯುತ್ತಾರೆ ಎಂದು ನಾನು ಹೆದರಿದ್ದೆ. ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ಅಮ್ಮನಿಗೆ ಹೇಳಿದರು, “ನನ್ನ ಅಂಗಡಿ ಮೇಲೆ ಹಾಡು ಕಟ್ಟಿದ್ದಾನೆ ಕಣೇ, ಹೆಡ್ಮಾಷ್ಟ್ರ ಮಗ! ನಾನು ಕೂಗೋ ಮಾತನ್ನೇ ಹಾಕಿದ್ದಾನೆ!” ನಮ್ಮಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಪ್ಪಾ ಅದು ನಾನು ಬರೆದದ್ದು ಎಂದೆ. “ಸುಳ್ಳು ಯಾಕೆ ಹೇಳ್ತೀಯ ಮಗಳೇ? ಅವನೇ ಎಲ್ಲರ ಮುಂದೆ ಕೈ ಎತ್ತಿ ಒಪ್ಕೊಂಡ್ನಲ್ಲ. ಏಟು ಬೀಳೋ ಕಡೆ ಯಾರಾದ್ರೂ ಸುಳ್ಳು ಹೇಳಿ ಕೈ ಎತ್ತುತಾರಾ?” ಎಂದರು. ನಾನು ಅತ್ತೆ, ಕೂಗಾಡಿದೆ. ಬೇರೆಯವರದ್ದಕ್ಕೆ ಆಸೆ ಪಡಬಾರದು ಎಂದು ಬುದ್ಧಿ ಹೇಳಿದರು. ಗುಡಿಸೋಳಿಗೊಬ್ಬಳಿಗೇ ಗೊತ್ತು ಅಂತ ಇದೆಯಲ್ಲಪ್ಪಾ, ಅದು ನಾನಲ್ವಾ ಎಂದು ಕೇಳಿದರೆ, “ಹೌದಲ್ಲ! ನಿನ್ನನ್ನೂ ಗಮನಿಸಿದ್ದಾನೆ ನೋಡು, ಆ ಹುಡುಗನ ಕಣ್ಣು ಎಂಥದ್ದು!” ಎಂದರು. ನಿನ್ನನ್ನು ಬಸ್ಸು ಹತ್ತಿಸಲು ನಾನು ಯಾಕೆ ಬರಲಿಲ್ಲ ಎಂದು ಈಗಲಾದರೂ ತಿಳಿಯಿತಾ?

ಅವತ್ತಿನಿಂದ ಶೇವಿಂಗ್ ಮಾಡುವಾಗಲೂ, ಸುಮ್ಮನೆ ಕೂತಾಗಲೂ ಅವರು ಅದನ್ನೇ ಗುನುಗುತ್ತಾರೆ. ಯಾರು ಕೇಳಿದರೂ ‘ಹೆಡ್ಮಾಷ್ಟ್ರ ಮಗನ ಹಾಡು’. ಇಪ್ಪತ್ತೆಂಟು ವರ್ಷ ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಈಗ ಅವರಿಗೆ ಎಪ್ಪತ್ತೊಂಬತ್ತು. ಕೈ ನಡುಗುತ್ತದೆ, ಕತ್ತರಿ ಬಿಟ್ಟು ಆರು ವರ್ಷ. ಅದೇ ಬೆಂಚಿನ ಮೇಲೆ ಕೂತು ಭೂತಗನ್ನಡಿ ಹಿಡಿದು ಪೇಪರ್ ಓದುತ್ತಾರೆ. ನನ್ನ ಬಾಯಿಮಾತು ನಂಬುವುದಿಲ್ಲ. ಅಚ್ಚಾದದ್ದನ್ನು ಮಾತ್ರ ನಂಬುತ್ತಾರೆ, ಜಾಹೀರಾತನ್ನೂ ಕೂಡ. ಎರಡೂ ಕಣ್ಣು ಹೋಗುತ್ತಿವೆ, ವರ್ಷದ ಕೊನೆಯ ತನಕ ಓದಲು ಆದರೆ ಹೆಚ್ಚು ಎಂದು ಫೆಬ್ರವರಿಯಲ್ಲೇ ಡಾಕ್ಟರು ಹೇಳಿದ್ದಾರೆ.

ಅವರು ಒಮ್ಮೆ ಅದನ್ನು ನನ್ನ ಹಾಡು ಎನ್ನಬೇಕು. ನನಗೆ ಬೇಕಾಗಿರುವುದು ಅಷ್ಟೇ.

ನಿನ್ನಪ್ಪ ಹೋಗಿ ಎರಡು ವರ್ಷವಾಯಿತು. ಅವರ ಏಳು ಅಂಕವನ್ನು ಇನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಡ್ರಾಯರಿನಲ್ಲೇ ಇಟ್ಟುಕೋ. ನನ್ನಪ್ಪ ಇದ್ದಾರೆ. ಇದಕ್ಕಿಂತ ಹೆಚ್ಚು ಬೇಡುವವಳಲ್ಲ ನಾನು.

ತಗಡು


9 ಸೆಪ್ಟೆಂಬರ್ 2014

ತಗಡು,

ಪುಸ್ತಕದ ಅಚ್ಚಾದ ಪುಟ ಇದರೊಳಗಿದೆ. ಅಕ್ಷರ ದೊಡ್ಡದು ಮಾಡಿಸಿದ್ದೇನೆ. ಮೊದಲು ಕಂಪನಿಯವರು ಒಪ್ಪಲಿಲ್ಲ, ಪುಟದ ಅಂದ ಕೆಡುತ್ತದೆ ಎಂದರು, ಜಗಳವಾಡಿದೆ. ನೀನು ಎರಡೆರಡು ಸಲ ತಪ್ಪು ಹುಡುಕುವವಳು, ಆದ್ದರಿಂದ ಏನಿದೆ ಎಂದು ಇಲ್ಲೂ ಬರೆಯುತ್ತೇನೆ:

“ಈ ಹಾಡನ್ನು ಬರೆದವಳು ನಮ್ಮ ಡ್ರಮ್ಮರ್ ತಗಡು, ತನ್ನ ತಂದೆಯ ಕಟಿಂಗ್ ಅಂಗಡಿಯಲ್ಲಿ, ಚೀಟಿಗಳ ಹಿಂಬದಿಯಲ್ಲಿ, ಹದಿನಾರನೇ ವಯಸ್ಸಿನಲ್ಲಿ. ಪ್ರತಿಯೊಂದು ಸಾಲೂ ಅವಳದು. ಶಾಲೆಯ ವೇದಿಕೆಯ ಮೇಲೆ ನಾನು ಬರೆದೆ ಎಂದು ಹೇಳಿದ್ದು ಸುಳ್ಳು. ನಾನು ಕಿರುಚಿದೆ, ಅಷ್ಟೇ. ಗಂಟಲು.”

ಇದನ್ನು ನನ್ನ ಶಾಲೆಯ ಮಕ್ಕಳೂ ಓದುತ್ತಾರೆ, ಅವರ ಅಪ್ಪ ಅಮ್ಮಂದಿರೂ ಓದುತ್ತಾರೆ. ಸುಳ್ಳು ಹೇಳಬಾರದು ಎಂದು ದಿನಾ ಬೆಳಿಗ್ಗೆ ಮೈಕಿನಲ್ಲಿ ಹೇಳುವವನು ನಾನು. ಮೊನ್ನೆ ಡ್ರಾಯರ್ ತೆಗೆದೆ, ಆ ಹಾಳೆಯನ್ನು ನೋಡಲಾಗಲಿಲ್ಲ, ಮುಚ್ಚಿದೆ. ನೋವಾಗಲಿ ಎಂದೇ ಬರೆದೆ ಎಂದಿದ್ದೆಯಲ್ಲ, ಆಯಿತು. ಖುಷಿಪಡು.

ಸಹಿ ಹಾಕಿ ಕಾಗದವನ್ನು ನೇರವಾಗಿ ಕಂಪನಿಗೆ ಕಳಿಸು. ನಿನ್ನ ಹತ್ತಿರ ಮಾತಾಡುವುದು ನನಗೆ ಇನ್ನೇನೂ ಉಳಿದಿಲ್ಲ. ಮತ್ತೆ ಬರೆಯಬೇಡ.

ಗಂಟಲು


21 ಸೆಪ್ಟೆಂಬರ್ 2014

ಗಂಟಲು,

ಬರೆಯಬೇಡ ಎಂದಿದ್ದೆ. ನನಗೂ ಇಷ್ಟವಿರಲಿಲ್ಲ. ಸಹಿ ಹಾಕಿದ ಕಾಗದ ಕಂಪನಿಗೆ ಹೋಗಿದೆ. ಇದು ಬೇರೆ ವಿಷಯ.

ನಿನ್ನ ಪುಟ ಬಂದದ್ದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕತ್ತಿಗೆ ಬಟ್ಟೆ ಕಟ್ಟಿದ್ದೆ, ವಾರಕ್ಕೆರಡು ಸಲ ಅವರಿಗೆ ಶೇವ್ ಮಾಡುವವಳು ನಾನೇ. ನೊರೆ ಹಚ್ಚಿದ ಮೇಲೆ ಪುಟವನ್ನು ಅವರ ಕೈಗೆ ಕೊಟ್ಟೆ, ಭೂತಗನ್ನಡಿಯನ್ನೂ ಕೊಟ್ಟೆ. ನಾನೇ ಓದಿ ಹೇಳಬಹುದಿತ್ತು, ಹೇಳಲಿಲ್ಲ. ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು. ನಾನು ಅವರ ಹಿಂದೆ ನಿಂತು ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದೆ. ಆಗಲೇ ಹರಿತವಾಗಿದ್ದ ರೇಜರನ್ನು ಮತ್ತೆ ಮತ್ತೆ ಮಸೆಯುತ್ತಿದ್ದೆ.

ಎರಡನೇ ಸಲವೂ ಓದಿದರು. ಕಣ್ಣಲ್ಲಿ ನೀರು ಬಂತು. ನೊರೆಯ ಮೇಲೆ ಇಳಿಯಿತು. ಆಮೇಲೆ ಹೇಳಿದರು:

“ನೋಡು ಮಗಳೇ, ಎಂಥಾ ದೊಡ್ಡ ಮನಸ್ಸು ಆ ಹುಡುಗನದು! ನೀನು ಚಿಕ್ಕೋಳಿದ್ದಾಗ ಇದಕ್ಕೋಸ್ಕರ ಎಷ್ಟು ಅತ್ತಿದ್ದೆ ಅಂತ ಯಾರೋ ಹೇಳಿರ್ಬೇಕು ಅವನಿಗೆ. ತಾನು ಬರೆದದ್ದನ್ನ ನಿನ್ನ ಹೆಸರಿಗೆ ಬಿಟ್ಕೊಟ್ಟಿದ್ದಾನೆ.”

ಅಚ್ಚಾಗಿದೆಯಲ್ಲಪ್ಪಾ, ಸುಳ್ಳು ಎಂದು ಅವನೇ ಬರೆದಿದ್ದಾನಲ್ಲ ಎಂದೆ. ಅವರು ನಕ್ಕರು. “ದೊಡ್ಡ ಮನಸ್ಸಿನವರು ಹಾಗೇ ಬರೆಯೋದು” ಎಂದರು. ಪುಟವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಶೇವಿಂಗಿಗೆ ಗದ್ದ ಎತ್ತಿ ಕೊಟ್ಟರು.

ರೇಜರ್ ನನ್ನ ಕೈಯಲ್ಲಿತ್ತು. ಅವರ ಕತ್ತು ನನ್ನ ಎದುರಿಗಿತ್ತು. ಶೇವ್ ಮುಗಿಸಿದೆ. ಎಲ್ಲೂ ಗೀರಲಿಲ್ಲ. ಮುಖ ಒರೆಸಿ ಪೌಡರ್ ಹಾಕಿದೆ.

ಅವತ್ತಿನಿಂದ ದಿನಾ ಕೇಳುತ್ತಿದ್ದಾರೆ, “ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ ಒಂದು ಕಾಗದ ಬರೆದೆಯಾ?” ಎಂದು. ನಿನ್ನೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟರು. ಈಗ ಬೆಂಚಿನ ಮೇಲೆ ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾರೆ.

ಥ್ಯಾಂಕ್ಸ್.

ತಗಡು